ಅಳೆಯುವ ಕೈ ಯಾರದು?



ಹೋದ ಸಂಚಿಕೆಗೆ ಬಂದಿದ್ದ ಒಂದು ಕವಿತೆಯನ್ನು ನಾವು ವಾಪಸ್ ಕಳಿಸಿದೆವು. ಬರೆದವನು ನಮ್ಮವನೇ, ಹಾಸ್ಟೆಲ್ಲಿನ ಹುಡುಗ, ಬಿ.ಎ. ಎರಡನೇ ವರ್ಷ. ಮೂರನೇ ದಿನ ರಾತ್ರಿ ಊಟದ ಹಾಲಿನಲ್ಲಿ ತಟ್ಟೆ ಹಿಡಿದುಕೊಂಡೇ ಬಂದು ನನ್ನೆದುರು ಕೂತ. 'ಅಣ್ಣಾ, ನೀನೂ ಅವರ ಅಳತೆಗೋಲನ್ನೇ ಹಿಡ್ಕಂಡಲ್ಲ! ಚೆನ್ನಾಗಿಲ್ಲ ಅಂತ ಹೇಳಕ್ಕೆ ನೀನ್ಯಾರು? ಚೆಂದ ಗಿಂದ ಎಲ್ಲಾ ಹೊಟ್ಟೆ ತುಂಬಿದೋರ ಮಾತು. ನಮಗ್ಯಾಕೆ ಅದು?' ಅಂದ. ಸುತ್ತ ಕೂತಿದ್ದ ಏಳೆಂಟು ಜನ ಹೌದು ಹೌದು ಅಂತ ತಲೆಯಾಡಿಸಿದರು. ನನಗೆ ಉತ್ತರ ಹೊಳೆಯಲಿಲ್ಲ. ಸಾರು ಆರಿಹೋಯಿತು. ಆ ರಾತ್ರಿ ಹೊಳೆಯದ ಉತ್ತರವನ್ನು ಈ ಸಂಚಿಕೆಯ ಸಂಪಾದಕೀಯವಾಗಿ ಬರೆಯುತ್ತಿದ್ದೇನೆ.

ಐಚ್ಛಿಕ ಕನ್ನಡ ತೆಗೆದುಕೊಂಡವರಿಗೆ ಕಾವ್ಯಮೀಮಾಂಸೆ ಎಂಬುದೊಂದು ಇರುತ್ತದೆ. ಫಿಲಾಸಫಿಯವರಿಗೆ ಸೌಂದರ್ಯಶಾಸ್ತ್ರ. ನಮ್ಮ ಹುಡುಗರು ಗೈಡು ತಂದು, ವಿಭಾವ ಅನುಭಾವ ವ್ಯಭಿಚಾರಿಭಾವ ಅಂತ ಮಗ್ಗಿಯ ಥರ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ದಿನವೇ ಆ ಗೈಡನ್ನು ಜೂನಿಯರ್‌ಗೆ ಅರ್ಧ ಬೆಲೆಗೆ ಮಾರಿ ಕೈ ತೊಳೆದುಕೊಳ್ಳುತ್ತಾರೆ. ನಾನೂ ಮಾರಿದವನೇ. ಆಮೇಲೆ ಪರೀಕ್ಷೆಯ ಭಯ ಇಲ್ಲದೆ ಕೂತು, ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು (1953) ಓದಿದೆ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಹ್ಯೂಮ್, ಕಾಂಟ್ ಅಂತ ತಡವರಿಸಿದೆ. ಓದುತ್ತಾ ಸಿಟ್ಟು ಬಂತು. ಸಿಟ್ಟಿನ ಜೊತೆಗೇ ಹೊಟ್ಟೆಯುರಿಯೂ ಬಂತು, ಇಷ್ಟು ಒಳ್ಳೆಯ ಆಯುಧವನ್ನು ಅರ್ಧ ಬೆಲೆಗೆ ಮಾರಿಬಿಟ್ಟೆವಲ್ಲಾ ಅಂತ.

ಮೊದಲು ಹೊಟ್ಟೆಯ ಮಾತು. ನಮ್ಮ ಗೆಳೆಯ ಊಟದ ತಟ್ಟೆಯ ಮುಂದೆ ಹೇಳಿದ್ದನ್ನೇ ಇಮ್ಯಾನುಯೆಲ್ ಕಾಂಟ್ 1790ರ ತನ್ನ ಪುಸ್ತಕದಲ್ಲಿ ಹೇಳಿದ್ದಾನೆ. ಹಸಿದವನಿಗೆ ಎಲ್ಲವೂ ರುಚಿ. ಹಸಿವು ತೀರಿದ ಮೇಲಷ್ಟೇ ಯಾರಿಗೆ ಅಭಿರುಚಿ ಇದೆ, ಯಾರಿಗೆ ಇಲ್ಲ ಅಂತ ತಿಳಿಯುತ್ತೆ ಅಂತಾನೆ ಅವನು. ಸೌಂದರ್ಯದ ಸಂತೋಷ ಅಂದರೆ ಆಸೆ, ಲಾಭ, ಅಗತ್ಯ ಯಾವುದೂ ಸೋಂಕದ ಸಂತೋಷವಂತೆ. (ಸೋಂಕದ ಅನ್ನೋ ಮಾತು ಕೇಳಿದರೆ ನಮಗೆ ಬೇರೇನೋ ನೆನಪಾಗುತ್ತೆ, ಇರಲಿ.) ಒಂದು ಅರಮನೆಯನ್ನು ತೋರಿಸಿ ಇದು ಚೆಂದವೇ ಅಂತ ಕೇಳಿದರೆ, ಜನರ ಬೆವರನ್ನು ಇಂಥ ಬೇಡದ್ದಕ್ಕೆಲ್ಲಾ ಸುರಿದಿದ್ದಾರೆ ಅಂತ ದೊಡ್ಡವರನ್ನು ಬೈಯಬಹುದು, ಆ ಮಾತನ್ನು ಒಪ್ಪಲೂಬಹುದು, ಆದರೆ ಈಗ ಕೇಳುತ್ತಿರುವ ಪ್ರಶ್ನೆ ಅದಲ್ಲ ಅಂತ ಪಕ್ಕಕ್ಕೆ ಸರಿಸಿಬಿಡುತ್ತಾನೆ.

ನಾನು ದಸರಾದಲ್ಲಿ ಮೈಸೂರು ಅರಮನೆಯ ಲಕ್ಷದ ಹತ್ತಿರದ ದೀಪಗಳು ಒಂದೇ ಸಲ ಹೊತ್ತಿಕೊಂಡಾಗ ಬಾಯಿ ತೆರೆದು ನಿಂತಿದ್ದೇನೆ. ಸುಳ್ಳು ಯಾಕೆ ಹೇಳಲಿ, ಚೆಂದವೇ ಇತ್ತು. ಬೆವರು ನೆನಪಾದದ್ದು ಆಮೇಲೆ. ಕಾಂಟ್ ಹೇಳಿದಂತೆ ಎರಡೂ ಬೇರೆ ಬೇರೆ ಪ್ರಶ್ನೆಗಳೇ ಇರಬಹುದು. ಆದರೆ ಯಾರ ಅಪ್ಪ ಅಲ್ಲಿ ಕಲ್ಲು ಹೊತ್ತಿದ್ದನೋ ಅವನಿಗೆ ಮಾತ್ರ 'ಅದನ್ನ ಪಕ್ಕಕ್ಕಿಡು' ಅಂತ ಹೇಳಬೇಕಾಗುತ್ತೆ, ಉಳಿದವರಿಗೆ ಪಕ್ಕಕ್ಕಿಡಲು ಏನೂ ಇಲ್ಲವಲ್ಲ! ಒಬ್ಬನಿಗೆ ಆ ನಿರ್ಲಿಪ್ತತೆ ಪುಕ್ಕಟೆ ಸಿಗುತ್ತೆ, ಇನ್ನೊಬ್ಬ ಬೆಲೆ ತೆರಬೇಕು. ಇದು ಕಾಂಟನ ಲೆಕ್ಕಕ್ಕೆ ಬರಲಿಲ್ಲ. ಅವನ ಅಪ್ಪ ಕುದುರೆಯ ಲಗಾಮು-ಪಟ್ಟಿಗಳನ್ನು ಹೊಲಿಯುತ್ತಿದ್ದ ತೊಗಲು ಕೆಲಸದವನು ಅನ್ನುವುದನ್ನು ಗೈಡಿನಲ್ಲಿ ಹಾಕುವುದಿಲ್ಲ, ಅದಕ್ಕೆ ಇಲ್ಲಿ ಹೇಳಿದೆ.

ಆದರೆ ಕಾಂಟನ ಇನ್ನೊಂದು ಮಾತನ್ನು ನಾವು ಬಿಡಬಾರದು. ಉಪ್ಪಿಟ್ಟು ನನಗಿಷ್ಟ ಅಂದರೆ ಅದು ನನ್ನ ನಾಲಿಗೆಯ ಮಾತು. ನಿನಗೆ ಸೇರದಿದ್ದರೆ ಜಗಳವಿಲ್ಲ, ಚಿತ್ರಾನ್ನ ತಿನ್ನು. 'ಈ ಹಾಡು ಚೆಂದ' ಅಂದಾಗ ಹಾಗಲ್ಲ. ಆಗ ನಾನು ನನ್ನೊಬ್ಬನ ಪರವಾಗಿ ಮಾತಾಡುತ್ತಿಲ್ಲ, ಎಲ್ಲರೂ ಇದನ್ನು ಒಪ್ಪಬೇಕು ಅಂತ ಹಕ್ಕಿನಿಂದ ಕೇಳುತ್ತಿದ್ದೇನೆ. ಕೇಳುತ್ತೇನೆ ನಿಜ, ಆದರೆ ರುಜುವಾತು ಮಾಡುವ ಸೂತ್ರ ನನ್ನ ಹತ್ತಿರ ಇಲ್ಲ. ಗಣಿತದ ಲೆಕ್ಕದಂತೆ ಬೋರ್ಡಿನ ಮೇಲೆ ಬಿಡಿಸಿ ತೋರಿಸಲಾರೆ. ಸೌಂದರ್ಯದ ತೀರ್ಪು ಅಂದರೆ ಈ ಇಕ್ಕಟ್ಟು.

ಈಗ ಕೇಳೋಣ: 'ಎಲ್ಲರೂ' ಅಂದರೆ ಯಾರು? ನಮ್ಮ ಕಡೆ 'ಊರಿಗೆಲ್ಲಾ ಊಟ' ಅಂತಾರೆ. ಆ ಊರಿನಲ್ಲಿ ಕೇರಿ ಇರುವುದಿಲ್ಲ. 'ಊರಿನವರೆಲ್ಲಾ ಸೇರಿದ್ರು' ಅಂದರೆ ನಮ್ಮಪ್ಪ ಅಲ್ಲಿ ಸೇರಿರಲಿಲ್ಲ, ದೂರದಲ್ಲಿ ತಮಟೆ ಹಿಡಿದು ನಿಂತಿದ್ದ ಅಂತ ಅರ್ಥ. ಶಾಸ್ತ್ರದ 'ಎಲ್ಲರೂ' ಈ ಊರಿನ ಹಾಗೇ. ಆದರೆ ಬಾಯಿಬಿಟ್ಟು ಎಲ್ಲರೂ ಅಂದಿದ್ದಾರಲ್ಲ, ಆಡಿದ ಮಾತಿಗೆ ಹಿಡಿದು ಕೇಳಬಹುದು. ಎಲ್ಲರೂ ಅಂದ ಮೇಲೆ ನಾನೂ ಒಬ್ಬ. ನನ್ನ ಒಪ್ಪಿಗೆ ಕೇಳದೆ ಚೆಂದ ಅಂತ ಷರಾ ಬರೆಯಲು ನಿಮಗೆ ಬರುವುದಿಲ್ಲ.

ನಮ್ಮ ನಾಡಿನ ಶಾಸ್ತ್ರವೂ ಶುರುವಾಗುವುದು ಇಂಥದೇ ಮಾತಿನಿಂದ. ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯ ನೋಡಿ. ವೇದ ಶೂದ್ರರ ಕಿವಿಗೆ ಬೀಳಕೂಡದು, ಆದ್ದರಿಂದ ಎಲ್ಲ ವರ್ಣಗಳಿಗೂ ಸಲ್ಲುವ ಇನ್ನೊಂದು ವೇದ ಬೇಕು ಅಂತ ಬ್ರಹ್ಮ ನಾಟ್ಯವನ್ನು ಸೃಷ್ಟಿಸಿದನಂತೆ. ಅದು ಐದನೆಯದು, ಪಂಚಮ ವೇದ. ನಾಲ್ಕರ ಲೆಕ್ಕದಿಂದ ಹೊರಗಿಟ್ಟ ನಮ್ಮನ್ನೂ ಪಂಚಮರು ಅಂತಲೇ ಕರೆದರು. ವೇದ ಐದಾದರೂ ನಡೆಯಿತು, ವರ್ಣ ಮಾತ್ರ ನಾಲ್ಕೇ! ಮುಂದೆ ಆರನೇ ಅಧ್ಯಾಯದಲ್ಲಿ ಹಾಸ್ಯ ರಸ ಬರುತ್ತೆ. ನಗುವಿನಲ್ಲಿ ಆರು ಬಗೆ. ಹಲ್ಲು ಕಾಣಿಸದ ಸ್ಮಿತ, ಸ್ವಲ್ಪವೇ ಕಾಣುವ ಹಸಿತ ಉತ್ತಮರಿಗೆ. ವಿಹಸಿತ, ಉಪಹಸಿತ ಮಧ್ಯಮರಿಗೆ. ಅಪಹಸಿತ, ಕಣ್ಣಲ್ಲಿ ನೀರು ಬಂದು ಪಕ್ಕೆ ಹಿಡಿದುಕೊಂಡು ನಗುವ ಅತಿಹಸಿತ ಅಧಮರಿಗೆ. ನಗುವಿಗೂ ಜಾತಿ ಹಂಚಿಬಿಟ್ಟರು ಸ್ವಾಮಿ. ನಮ್ಮ ಹಾಸ್ಟೆಲ್ಲಿನಲ್ಲಿ ರಾತ್ರಿ ಹತ್ತು ಗಂಟೆಗೆ ಏಳುವ ನಗುವನ್ನು ಭರತಮುನಿ ಕೇಳಿದ್ದರೆ ಏಳನೆಯದೊಂದು ಬಗೆ ಬರೆಯುತ್ತಿದ್ದನೋ ಏನೋ.

ಕಾಳಿದಾಸನ ಶಾಕುಂತಲದಲ್ಲಿ ಮೀನಿನ ಹೊಟ್ಟೆಯಲ್ಲಿ ಸಿಕ್ಕ ಉಂಗುರ ಹಿಡಿದು ಬರುವ ಬೆಸ್ತನನ್ನು ನೆನಪು ಮಾಡಿಕೊಳ್ಳಿ. ರಾಜಭಟರು ಅವನನ್ನು ಕಟ್ಟಿ, ಹೊಡೆದು, ಅವನ ಕಸುಬನ್ನು ಆಡಿಕೊಂಡು ನಗುತ್ತಾರೆ. ತರಗತಿಯಲ್ಲಿ ಇದನ್ನು ಹಾಸ್ಯದ ದೃಶ್ಯ ಅಂತ ಪಾಠ ಮಾಡುತ್ತಾರೆ. ಲಾಕಪ್ಪಿನಲ್ಲಿ ಏಟು ತಿಂದ ಅಣ್ಣನಿರುವ ಹುಡುಗ ಹಿಂದಿನ ಬೆಂಚಿನಲ್ಲಿ ಕೂತು ನಗದೆ ಇದ್ದರೆ ಅವನು ಸಹೃದಯನಲ್ಲ. ಅಭಿನವಗುಪ್ತ ರಸಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿರುವುದು ಅವುಗಳಲ್ಲೊಂದು. ಕಾಶ್ಮೀರದವನೂ ಜರ್ಮನಿಯವನೂ ಎಂಟು ಶತಮಾನದ ಅಂತರದಲ್ಲಿ ಒಂದೇ ಮಾತಾಡಿದರು ನೋಡಿ: ನಿನ್ನ ಹಸಿವು, ನಿನ್ನ ನೋವು ಬಾಗಿಲ ಹೊರಗೆ ಬಿಟ್ಟು ಬಾ. ಆದರೆ ಆ ದೃಶ್ಯಕ್ಕೆ ನಕ್ಕವನೂ ತನ್ನದೊಂದನ್ನು ಒಳಕ್ಕೆ ತಂದಿದ್ದಾನೆ. ಏಟು ತಿನ್ನುವವನು ತಾನಲ್ಲ ಅನ್ನುವ ನೆಮ್ಮದಿಯನ್ನು ತಂದಿದ್ದಾನೆ. ಅದೂ ಸ್ವಂತ ಸುಖವೇ. ಹಾಗಾದರೆ ವಿಘ್ನ ಯಾರಲ್ಲಿದೆ?

ಇನ್ನು ಅಸಹ್ಯದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಇಡೀ ಬದುಕನ್ನು ಅಳೆದದ್ದು ಈ ಅಳತೆಯಿಂದ. ಭರತ ಜುಗುಪ್ಸೆಯನ್ನು ಬೀಭತ್ಸ ಅಂತ ರಸ ಮಾಡಿದ. ಕಾಂಟ್ ಒಪ್ಪುವುದಿಲ್ಲ. ಕುರೂಪವಾದದ್ದನ್ನೂ, ಭೀಕರವಾದದ್ದನ್ನೂ ಕಲೆ ಚೆಂದವಾಗಿ ತೋರಿಸಬಲ್ಲದು, ವಾಕರಿಕೆ ಬರಿಸುವುದೊಂದನ್ನು ಮಾತ್ರ ಸಾಧ್ಯವಿಲ್ಲ ಅಂತಾನೆ. ಇಬ್ಬರೂ ಅಸಹ್ಯವನ್ನು ಮನುಷ್ಯನಿಗೆ ಹುಟ್ಟಿನಿಂದ ಬಂದದ್ದು ಅಂತ ನಂಬಿದಂತೆ ಕಾಣುತ್ತೆ. ನಮಗೆ ಗೊತ್ತಿದೆ, ಅದರಲ್ಲಿ ಎಷ್ಟೋ ಕಲಿಸಿದ್ದು. ಸತ್ತ ದನದ ಚರ್ಮ ಸುಲಿದು ಹದ ಮಾಡುವ ಮನೆಯ ಮಗುವಿಗೆ ಆ ವಾಸನೆ ಅಪ್ಪ ಮನೆಗೆ ಬಂದ ಗುರುತು. ಅದು ಅಸಹ್ಯ ಅಂತ ಆ ಮಗು ಕಲಿಯುವುದು ಸ್ಕೂಲಿನಲ್ಲಿ, ಪಕ್ಕದವನು ಮೂಗು ಮುಚ್ಚಿಕೊಂಡು ಸರಿದು ಕೂತ ದಿನ. ಅದೇ ಚರ್ಮ ಮೃದಂಗವಾಗಿ ಸಭೆಗೆ ಬಂದರೆ ಮೂಗು ಮುಚ್ಚಿದವರೇ ಕಣ್ಣು ಮುಚ್ಚಿ ತಲೆದೂಗುತ್ತಾರೆ. ಹಸು, ಆಡು, ಎಮ್ಮೆ, ಮೂರರ ಚರ್ಮವೂ ಮೃದಂಗಕ್ಕೆ ಬೇಕು. ಆ ಚರ್ಮವನ್ನು ಕಿವಿಯಲ್ಲೇ ಪರೀಕ್ಷಿಸಿ ಆರಿಸುವ, ಬಿಗಿಯುವ ತಮಿಳುನಾಡಿನ ದಲಿತ ಕ್ರೈಸ್ತ ಕುಶಲಿಗಳ ಬಗ್ಗೆ ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅನ್ನುವ ಪುಸ್ತಕ ಬರೆದರು. ಅದರ ಬಿಡುಗಡೆಗೆ ಮೊದಲು ಒಪ್ಪಿಕೊಂಡಿದ್ದ ಸಭಾಂಗಣವೊಂದು ಆಮೇಲೆ ಕೈಕೊಟ್ಟಿತು. ನಾದ ಬೇಕು, ತೊಗಲಿನ ಮಾತು ಬೇಡ.

ನಮ್ಮ ಗೆಳೆಯನಿಗೆ ನಾನು ಹೇಳಬೇಕಿದ್ದದ್ದು ಇಲ್ಲೇ ಇದೆ. ಚೆಂದ ಅನ್ನೋದು ಹೊಟ್ಟೆ ತುಂಬಿದೋರ ಮಾತು ಅಂದೆಯಲ್ಲ ತಮ್ಮಾ, ನಮ್ಮ ಕೇರಿಯ ತಮಟೆಯವನನ್ನು ಮರೆತೆಯಾ? ಹಬ್ಬದ ಹಿಂದಿನ ರಾತ್ರಿ ಸೋಗೆಗೋ ಹುಲ್ಲಿಗೋ ಬೆಂಕಿ ಕೊಟ್ಟು ತಮಟೆ ಕಾಯಿಸುತ್ತಾರೆ. ಒಂದು ಏಟು ಹಾಕಿ ಕಿವಿಗೊಟ್ಟು 'ಊಹೂಂ, ಇನ್ನೂ ಏಳಲಿಲ್ಲ' ಅಂತಾರೆ. ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಅವರು ಬೆಳಗಿನಿಂದ ಉಂಡಿರುವುದಿಲ್ಲ. ಕೂಲಿ ಎಷ್ಟು ಅಂತಲೂ ಗೊತ್ತಿರುವುದಿಲ್ಲ, ಊರಿನವರಿಗೆ ಹಾಗೇ ಹೊಡೆದರೂ ನಡೆಯುತ್ತೆ. ಆದರೂ ಏಳದ ತಮಟೆಯನ್ನು ಅವರು ಹೊಡೆಯುವುದಿಲ್ಲ. ಇದಕ್ಕಿಂತ ಸ್ವಾರ್ಥ ಸೋಂಕದ ತೀರ್ಪನ್ನು ಕಾಂಟ್ ಎಲ್ಲಿ ನೋಡಿದ್ದ? ಹಸಿದ ಹೊಟ್ಟೆಯಲ್ಲೇ ಕೊಟ್ಟ ತೀರ್ಪು ಅದು. ಸೋಬಾನೆ ಹೇಳುವಾಗ ಯಾರಾದರೂ ದಾಟಿ ತಪ್ಪಿದರೆ ನಮ್ಮಜ್ಜಿಯಂಥವರು ಬಾಯಲ್ಲಿ ಎಲೆಡಿಕೆ ಇದ್ದರೂ ಕಣ್ಣಲ್ಲೇ ಗದರುತ್ತಾರೆ. ಈ ನಾಡಿನ ಜನ ಓದದೆಯೂ ಕಾವ್ಯದಲ್ಲಿ ಪಳಗಿದವರು ಅಂತ ಒಂಬತ್ತನೇ ಶತಮಾನದ ಕವಿರಾಜಮಾರ್ಗವೇ ಒಪ್ಪಿಕೊಂಡಿದೆ. ಒಪ್ಪಿದ ಮೇಲೆ ಮಾರ್ಗದ ಕಟ್ಟಳೆಗಳನ್ನೂ ಬರೆಯಿತು ಅನ್ನುವುದು ಬೇರೆ.

ನಮಗ್ಯಾಕೆ ಅಂದವರಿಗೆ ಬಾಬಾಸಾಹೇಬರ ಮಾತೊಂದು. ಚಂಡಾಲರು ಹೆಣದ ಬಟ್ಟೆ ಉಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಕಬ್ಬಿಣದ ಒಡವೆ ತೊಡಬೇಕು ಅಂತ ಮನುಸ್ಮೃತಿಯ ಹತ್ತನೇ ಅಧ್ಯಾಯ ಹೇಳುತ್ತೆ. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಆ ಪುಸ್ತಕವನ್ನು ಸುಟ್ಟರು. ಸುಟ್ಟ ಅದೇ ದಿನಗಳಲ್ಲಿ ಬಾಬಾಸಾಹೇಬರು ಅಲ್ಲಿ ಸೇರಿದ್ದ ಹೆಂಗಸರಿಗೆ, ಅಸ್ಪೃಶ್ಯರು ಅಂತ ದೂರದಿಂದಲೇ ಗುರುತು ಹಿಡಿಯುವಂಥ ಸೀರೆಯ ಉಡಿಗೆಯನ್ನೂ ಭಾರದ ಒಡವೆಗಳನ್ನೂ ಬಿಡಿ ಅಂದರು. ಹೆಂಗಸರು ಅಲ್ಲಿಯೇ ಸೀರೆ ಉಡುವ ಬಗೆ ಬದಲಾಯಿಸಿದರು. ಕುರೂಪವಾಗಿರಿ ಅನ್ನುವುದನ್ನು ಕಾನೂನು ಮಾಡಿದ ದೇಶದಲ್ಲಿ ಸೀರೆಯ ನೆರಿಗೆ ಸಣ್ಣ ವಿಷಯವಲ್ಲ.

ಹಾಗಾದರೆ ಅಳತೆ ಅನ್ನುವುದೇ ಬೇಡವೋ? ಇಲ್ಲಿಗೆ ಹ್ಯೂಮ್ ಬರಲಿ. ಸ್ಕಾಟ್ಲೆಂಡಿನ ಈ ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಮಾನದಂಡದ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಡಾನ್ ಕ್ವಿಕ್ಸೋಟ್ ಕಾದಂಬರಿಯಿಂದ ಎತ್ತಿಕೊಂಡ ಒಂದು ಕತೆಯಿದೆ. ಇಬ್ಬರಿಗೆ ಪೀಪಾಯಿಯ ದ್ರಾಕ್ಷಾರಸ ರುಚಿ ನೋಡಲು ಕೊಟ್ಟರು. ಒಬ್ಬ, ಚೆನ್ನಾಗಿದೆ, ಆದರೆ ಸ್ವಲ್ಪ ತೊಗಲಿನ ರುಚಿ ಇದೆ ಅಂದ. ಇನ್ನೊಬ್ಬ, ಚೆನ್ನಾಗಿದೆ, ಕಬ್ಬಿಣದ ರುಚಿ ಇದೆ ಅಂದ. ಜನ ಬಿದ್ದು ಬಿದ್ದು ನಕ್ಕರು. ಪೀಪಾಯಿ ಖಾಲಿಯಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಹಳೆಯ ಕಬ್ಬಿಣದ ಬೀಗದ ಕೈ ಸಿಕ್ಕಿತು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಆದದ್ದು ಇದೇ. ಅವರು ರುಚಿ ನೋಡಿ ತೀರ್ಪು ಹೇಳಿದರು. ಅದು ಸೌಂದರ್ಯದ ತೀರ್ಪೇ. ಆ ತೀರ್ಪಿಗೆ ಎದುರು ತೀರ್ಪು ಬರಲಿಲ್ಲ, ಕಲ್ಲು ಬಂತು, ದೊಣ್ಣೆ ಬಂತು. ಹಾಸ್ಟೆಲ್ಲುಗಳಲ್ಲಿದ್ದ ನಮ್ಮ ಹುಡುಗರ ಮೇಲೆ ಹಲ್ಲೆ ನಡೆಯಿತು. ಅವರು ಮಂತ್ರಿಪದವಿ ಬಿಡಬೇಕಾಯಿತು. ಪೀಪಾಯಿಯ ತಳದಲ್ಲಿ ಏನಿದೆ ಅಂತ ಯಾರೂ ಬಗ್ಗಿ ನೋಡಲಿಲ್ಲ. ಅಲ್ಲಿ ತೊಗಲಿನ ದಾರ ಕಟ್ಟಿದ ಬೀಗದ ಕೈ ಇತ್ತು. ಎರಡೇ ವರ್ಷದಲ್ಲಿ, 1975ರಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಬೀಗ ತೆರೆಯಿತು. (ಬೂಸಾ ತಿಂದ ಹಸುವೇ ಹಾಲು ಕೊಡುವುದು ಅನ್ನುವ ವಾದವನ್ನು ಬೇರೆ ದಿನ ಮಾಡೋಣ.) ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂದಾಗ ಇದನ್ನು ಕನ್ನಡಕ್ಕೆ ಅನುವಾದ ಮಾಡಬೇಕು ಅಂದವರಿದ್ದರು. 1990ರಲ್ಲಿ ಅದಕ್ಕೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕ ಅದೇ. ಪಳಗಬೇಕಾಗಿದ್ದದ್ದು ಕಿವಿ.

ಒಳ್ಳೆಯ ವಿಮರ್ಶಕ ಪೂರ್ವಗ್ರಹದಿಂದ ಮುಕ್ತನಾಗಿರಬೇಕು ಅಂತ ಇದೇ ಹ್ಯೂಮ್ ಬರೆದಿದ್ದಾನೆ. ಬಹಳ ಸರಿ. ಆದರೆ ಅದಕ್ಕೆ ನಾಲ್ಕು ವರ್ಷ ಮೊದಲು, 1753ರಲ್ಲಿ, ತನ್ನ ಇನ್ನೊಂದು ಪ್ರಬಂಧಕ್ಕೆ ಸೇರಿಸಿದ ಅಡಿಟಿಪ್ಪಣಿಯಲ್ಲಿ ಕರಿಯರು ಹುಟ್ಟಿನಿಂದಲೇ ಕೀಳು ಅಂತ ನನ್ನ ಅನುಮಾನ ಅಂತಾನೆ. ಜಮೈಕಾದಲ್ಲಿ ಒಬ್ಬ ಕರಿಯ ವಿದ್ವಾಂಸನಿದ್ದಾನಂತೆ, ಕೆಲವು ಮಾತು ಕಲಿತ ಗಿಣಿಯ ಹಾಗೆ ಇರಬೇಕು ಅಂತ ತಳ್ಳಿಹಾಕುತ್ತಾನೆ. ಹೆಸರು ಕೂಡ ಹೇಳುವುದಿಲ್ಲ. ಆ ಮನುಷ್ಯ ಫ್ರಾನ್ಸಿಸ್ ವಿಲಿಯಮ್ಸ್, ಲ್ಯಾಟಿನ್ನಿನಲ್ಲಿ ಪದ್ಯ ಬರೆಯುತ್ತಿದ್ದ ಕವಿ. ಅವನ ಪೀಪಾಯಿಯಿಂದ ಒಂದು ಹನಿಯನ್ನೂ ನಾಲಿಗೆಗೆ ಹಾಕದೆ ಹ್ಯೂಮ್ ಉಗುಳಿಬಿಟ್ಟ. ಕಾಂಟ್ ಕೂಡ 1764ರ ತನ್ನ ಪುಸ್ತಕದಲ್ಲಿ ಹ್ಯೂಮನ ಹೆಸರು ಹೇಳಿಯೇ ಆ ಹೊಲಸನ್ನು ಮುಂದುವರಿಸಿದ. ಅದೂ ಸುಂದರವಾದದ್ದು, ಭವ್ಯವಾದದ್ದು ಎಂಬುದರ ಬಗ್ಗೆ ಬರೆದ ಪುಸ್ತಕದಲ್ಲಿ!

ಇದನ್ನು ಓದಿ ನಮ್ಮ ಕೆಲವು ಗೆಳೆಯರು ಈ ಪುಸ್ತಕಗಳನ್ನೂ ಸುಡೋಣ ಅಂದಾರು. ನಾನು ಬೇಡ ಅನ್ನುತ್ತೇನೆ. ಕಣದಲ್ಲಿ ನಮ್ಮ ತಾತಂದಿರಿಗೆ ವರ್ಷದ ಕೂಲಿಯ ರಾಗಿ ಅಳೆದುಕೊಡುತ್ತಿದ್ದದ್ದು ನೆನಪಿದೆಯಲ್ಲ? ಕೊಳಗ ಸರಿಯಾಗೇ ಇತ್ತು. ಅಳೆಯುವವನ ಹೆಬ್ಬೆರಳು ಒಳಗಿರುತ್ತಿತ್ತು, ಮೇಲೆ ತಲೆ ಹೊಡೆದು ಅಳೆಯುತ್ತಿದ್ದ. ನಮ್ಮವರು ಕೊಳಗ ಒಡೆಯಿರಿ ಅನ್ನಲಿಲ್ಲ. ಬೆರಳು ತೆಗೆದು ಅಳೆಯಿರಿ ಸ್ವಾಮಿ ಅಂದರು. ಅಂದದ್ದಕ್ಕೆ ಒದೆಯನ್ನೂ ತಿಂದರು. ಪೂರ್ವಗ್ರಹ ಇಲ್ಲದೆ ನೋಡಬೇಕು ಅನ್ನುವ ಕೊಳಗ ಸರಿಯಾಗಿದೆ. ಅದರಲ್ಲೇ ಹ್ಯೂಮನನ್ನು ಅಳೆದರೆ ಅವನೇ ಕಡಿಮೆ ಬೀಳುತ್ತಾನೆ. ಮರಾಠಿಯ ಶರಣಕುಮಾರ ಲಿಂಬಾಳೆಯವರು 1996ರಲ್ಲಿ ದಲಿತ ಸಾಹಿತ್ಯಕ್ಕೇ ಒಂದು ಸೌಂದರ್ಯಶಾಸ್ತ್ರ ಬರೆದರು, ಹಳೆಯ ಸತ್ಯ-ಶಿವ-ಸುಂದರದ ಜಾಗದಲ್ಲಿ ಮನುಷ್ಯನನ್ನು ನಿಲ್ಲಿಸಿದರು. ಆ ಪುಸ್ತಕ ಓದಿ, ಜಗಳವಾಡಿ. ನಮ್ಮದೇ ಕೊಳಗ ಮಾಡಿಕೊಂಡರೂ ಅದರೊಳಗೆ ನಮ್ಮದೇ ಹೆಬ್ಬೆರಳು ಇರಬಾರದಲ್ಲ, ನನ್ನ ತಕರಾರು ಇಷ್ಟೇ.

ಈಗ ಆ ಕವಿತೆಗೆ ಬರೋಣ. ಅದು ನಲವತ್ತು ಸಾಲಿನದು. ಮೊದಲ ಆರು ಸಾಲಿನಲ್ಲಿ ಹಾಸ್ಟೆಲ್ ಅಡ್ಮಿಷನ್ ದಿನ ಆಫೀಸಿನ ಬಾಗಿಲ ಹೊರಗೆ ನಿಂತ ತಾಯಿ ಇದ್ದಾಳೆ. ಸೆರಗಿನ ಹರಿದ ಜಾಗಕ್ಕೆ ಅವಳು ಅರ್ಜಿ ಫಾರಂ ಅಡ್ಡ ಹಿಡಿದಿದ್ದಾಳೆ. ಫಾರಂ ಒಳಗೆ ಕೊಡಬೇಕು, ಕೊಟ್ಟರೆ ಹರಿದದ್ದು ಕಾಣುತ್ತೆ. ಅಲ್ಲಿ ನಾನು ಓದುವುದನ್ನು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಾ ಕೂತುಬಿಟ್ಟೆ. ಏಳನೇ ಸಾಲಿನಲ್ಲಿ ಕೆಂಡ ಬಂತು. ಎಂಟರಲ್ಲಿ ಬೆಂಕಿ. ಆಮೇಲೆ ರಕ್ತ, ಸೂರ್ಯ, ಜ್ವಾಲಾಮುಖಿ. ಮೂವತ್ತನಾಲ್ಕು ಸಾಲು ತಾಯಿ ಎಲ್ಲಿ ಹೋದಳು ಅಂತ ಹುಡುಕಿದೆ, ಸಿಗಲಿಲ್ಲ. ಕಾವ್ಯಮೀಮಾಂಸೆಯಲ್ಲಿ ಕವಿಸಮಯ ಅಂತ ಒಂದಿದೆ. ಚಕೋರ ಬೆಳದಿಂಗಳು ಕುಡಿಯುವುದು, ಕೀರ್ತಿ ಬೆಳ್ಳಗಿರುವುದು, ಇಂಥವು. ಯಾರೂ ಕಂಡಿಲ್ಲ, ಎಲ್ಲರೂ ಬರೆದರು. ನಮ್ಮ ಕೆಂಡವೂ ಈಗ ಚಕೋರವಾಗಿದೆ. ಮೊದಲು ಬರೆದವರ ಕೈ ಸುಟ್ಟಿತ್ತು. ಈಗ ಮುಟ್ಟಿದರೆ ತಣ್ಣಗಿರುತ್ತೆ.

ನಮ್ಮವನು ಬರೆದದ್ದು, ನೋವಿನಿಂದ ಬರೆದದ್ದು, ಹಾಕಿಬಿಡೋಣ ಅಂತ ನಮ್ಮ ಬಳಗದಲ್ಲೇ ಇಬ್ಬರು ಹೇಳಿದರು. ಹಾಕಿದ್ದರೆ ನಾನು ಅವನ ಕವಿತೆಯನ್ನಲ್ಲ, ಅವನ ಜಾತಿ ಸರ್ಟಿಫಿಕೇಟನ್ನು ಓದಿದಂತೆ ಆಗುತ್ತಿತ್ತು. ಹೊರಗಿನವರು ನಮ್ಮ ಬರಹವನ್ನು ಹಾಗೇ ಓದುತ್ತಾರೆ. 'ಪಾಪ, ಅನುಭವ ಗಟ್ಟಿಯಾಗಿದೆ' ಅಂತ ಬೆನ್ನು ತಟ್ಟಿ ಕಳಿಸುತ್ತಾರೆ. ಅದು ಹೊಗಳಿಕೆಯಲ್ಲ, ತೋಟಿಯಿಂದ ಕೈಗೆ ನೀರು ಹೊಯ್ಯುವ ಇನ್ನೊಂದು ಬಗೆ.

ತಮ್ಮಾ, ನಿನ್ನ ಕವಿತೆ ಚೆನ್ನಾಗಿಲ್ಲ ಅಂತ ನಾನು ರುಜುವಾತು ಮಾಡಲಾರೆ. ಆ ಅರ್ಜಿ ಫಾರಮ್ಮಿನ ಕಡೆ ಕೈ ತೋರಿಸಿ 'ಇಲ್ಲಿ ನೋಡು' ಅನ್ನಬಹುದು, ಅಷ್ಟೇ. ಒಪ್ಪುವುದು ಬಿಡುವುದು ನಿನ್ನದು. ಕಾಂಟ್ ಈ ವಿಷಯದಲ್ಲಿ ನಿನ್ನ ಕಡೆಯೇ ಇದ್ದಾನೆ. ತನ್ನ ಕವಿತೆ ಚೆಂದ ಅಂತ ನಂಬಿದ ತರುಣ ಕವಿಯನ್ನು ಜನರ ಮಾತೂ ಗೆಳೆಯರ ಮಾತೂ ಅಲುಗಿಸಲಾರದು, ಅಭ್ಯಾಸದಿಂದ ಅವನ ಬುದ್ಧಿ ಹರಿತವಾದಾಗ ಅವನೇ ಬದಲಾಗಬೇಕು ಅಂತ ಬರೆದಿದ್ದಾನೆ. ಬೇರೆಯವರ ತೀರ್ಪನ್ನು ಸಾಲ ತಂದು ತನ್ನದು ಅನ್ನುವ ಹಾಗಿಲ್ಲ. ಅದಕ್ಕೇ ನಿನ್ನ ಕವಿತೆಯ ಒಂದು ಸಾಲನ್ನೂ ನಾವು ತಿದ್ದಿಲ್ಲ. ಇದ್ದದ್ದು ಇದ್ದ ಹಾಗೇ ಕಳಿಸಿದ್ದೇವೆ.

ಬರುವ ಭಾನುವಾರ ಸಂಜೆ ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ ಸೇರೋಣ. ಊಟ ಆದ ಮೇಲೇ ಇರಲಿ, ಕಾಂಟನಿಗೂ ಸ್ವಲ್ಪ ಮರ್ಯಾದೆ ಕೊಟ್ಟಂತಾಗುತ್ತೆ. ಆ ಕವಿತೆ ತಗೊಂಡು ಬಾ, ಗಟ್ಟಿಯಾಗಿ ಓದು. ನನ್ನವೂ ಮೂರು ಕವಿತೆ ತರುತ್ತೇನೆ, ಅದರಲ್ಲಿ ಎಷ್ಟು ಕೆಂಡ ಇದೆ ಅಂತ ನೀವೆಲ್ಲಾ ಎಣಿಸಿ ಹೇಳಿ. ಕೇರಿಯಿಂದ ತಮಟೆ ಬಾರಿಸುವ ಮಾವಂದಿರು ಇಬ್ಬರು ಬರುತ್ತೇವೆ ಅಂದಿದ್ದಾರೆ. ಅವರೂ ಕೇಳಲಿ.

ಜೈಭೀಮ್.